ಗೋಧಿ ಸಹಾಯಧನದ ಲೆಕ್ಕ ತಾಳೆಯಾದ ಬಗೆ

ಅಮೆರಿಕದ ಕ್ಯಾನ್ಸಸ್ ರಾಜ್ಯದ ಗ್ರಾಮೀಣ ಕೌಂಟಿಯೊಂದರ ಗೋಧಿ ಬೆಳೆಗಾರರೊಬ್ಬರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ನಾನು, 2019ರ ಬೆಳೆಗೆ ಪ್ರೈಸ್ ಲಾಸ್ ಕವರೇಜ್ ಎಂಬ, ಮಾರುಕಟ್ಟೆ ಬೆಲೆ ಸರ್ಕಾರದ ಆಧಾರ ಬೆಲೆಗಿಂತ ಇಳಿದಾಗ ಸಹಾಯಧನ ಕೊಡುವ ಯೋಜನೆಯಿಂದ 13,800 ಡಾಲರ್ ಬರುವುದೆಂದು ಅಂದಾಜಿಸಿದ್ದೆ. ಖಾತೆಗೆ ಜಮೆಯಾದದ್ದು ಅದರ ಅರ್ಧಕ್ಕಿಂತಲೂ ಕಡಿಮೆ. ಹಣ ಪಾವತಿಸುವ ಕೃಷಿ ಸೇವಾ ಕಚೇರಿಯವರದೇ ತಪ್ಪಿರಬೇಕೆಂದು ಮೊದಲು ಭಾವಿಸಿದ್ದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ.

ದರದಲ್ಲಿ ದೋಷವಿರಲಿಲ್ಲ. ಗೋಧಿಯ ಅಂದಿನ ಆಧಾರ ಬೆಲೆ ಬುಶೆಲ್‌ಗೆ (ಸುಮಾರು 27 ಕಿಲೋ) 5.50 ಡಾಲರ್, ಆ ಮಾರುಕಟ್ಟೆ ವರ್ಷದ ರಾಷ್ಟ್ರೀಯ ಸರಾಸರಿ ಬೆಲೆ 4.58 ಡಾಲರ್, ವ್ಯತ್ಯಾಸ 92 ಸೆಂಟ್. ನಾನು ಎಡವಿದ್ದು ಅದನ್ನು ಗುಣಿಸುವಲ್ಲಿ. ಆ ವರ್ಷ ಬಿತ್ತಿದ್ದ 300 ಎಕರೆಯನ್ನೂ ಎಕರೆಗೆ ಬಂದ 50 ಬುಶೆಲ್ ಇಳುವರಿಯನ್ನೂ ಹಿಡಿದಿದ್ದೆ. ಆದರೆ ಈ ಯೋಜನೆ ಬಿತ್ತನೆಯನ್ನು ನೋಡುವುದೇ ಇಲ್ಲ. ಜಮೀನಿನ ಹಿಂದಿನ ಬೆಳೆ ಇತಿಹಾಸದಿಂದ ನಿಗದಿಯಾದ 'ಬೇಸ್ ಎಕರೆ'ಯ ಶೇಕಡಾ 85ರಷ್ಟನ್ನು, ಕಡತದಲ್ಲಿ ದಾಖಲಾಗಿರುವ ಇಳುವರಿಯೊಂದಿಗೆ ಮಾತ್ರ ಪರಿಗಣಿಸುತ್ತದೆ. ಆ ವರ್ಷ ಗೋಧಿಯನ್ನೇ ಬಿತ್ತದವರಿಗೂ ಹೀಗಾಗಿ ಹಣ ಸಿಗಬಹುದೆಂಬುದು ನನಗೆ ಇಂದಿಗೂ ವಿಚಿತ್ರವೆನಿಸುತ್ತದೆ.

ಕೃಷಿ ಸೇವಾ ಕಚೇರಿಯಿಂದ 156 ಇಝಡ್ ಎಂಬ ದಾಖಲೆಯನ್ನು ಪಡೆದಾಗ ಗೋಧಿಯ ಬೇಸ್ 200 ಎಕರೆ, ಇಳುವರಿ 40 ಬುಶೆಲ್ ಎಂದಿತ್ತು. ಬೇಸ್‌ನ ಶೇಕಡಾ 85 ಅಂದರೆ 170 ಎಕರೆ, 40 ಬುಶೆಲ್, 92 ಸೆಂಟ್ ಗುಣಿಸಿದರೆ 6,256 ಡಾಲರ್. ಜಮೆಯಾದ ಮೊತ್ತ ಇದಕ್ಕಿಂತಲೂ ತುಸು ಕಡಿಮೆಯಿದ್ದುದಕ್ಕೆ ಕಾರಣ, ಕೇಂದ್ರ ಬಜೆಟ್ ಕಾಯ್ದೆಯಡಿ ಇಂಥ ಪಾವತಿಗಳಿಗೆಲ್ಲ ಅನ್ವಯವಾಗುವ ಕಡಿತ.

ಪಾವತಿಯು ಕೊಯ್ಲಿನ ಮರುವರ್ಷದ ಅಕ್ಟೋಬರ್‌ನಲ್ಲಿ ಅಥವಾ ಅದರ ನಂತರವೇ ಬರುವುದರಿಂದ, ಅಂದಾಜನ್ನು ಈಗ ಹಣ ಕೈಸೇರುವ ವರ್ಷದ ಆದಾಯದಡಿಯೇ ಬರೆಯುತ್ತಿದ್ದೇನೆ.