ಜತ್ತದ ಜೋಳದ ಹೊಲದಲ್ಲಿ ಇಳಿದದ್ದು

ಹೆಲಿಕಾಪ್ಟರ್ ಇಂಧನ ತೀರಿ ಬೀಳುವುದೆಂದರೆ ನನಗೆ ಈಗಲೂ ನಂಬಲಾಗದ ಸಂಗತಿ. ವಿಮಾನಕ್ಕೆ ರನ್‌ವೇ ಬೇಕು, ನಮಗೆ ಕೊಯ್ಲಾದ ಒಂದು ಹೊಲ ಸಾಕು. ಆದರೂ ಬೀಳುತ್ತವೆ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಮಿಸೌರಿಯಲ್ಲಿ ರೋಗಿಯನ್ನು ಒಯ್ಯುತ್ತಿದ್ದ ಹೆಲಿಕಾಪ್ಟರೊಂದು ಇಂಧನ ತುಂಬಿಸಬೇಕಿದ್ದ ನಿಲ್ದಾಣಕ್ಕೆ ಇನ್ನೊಂದು ಮೈಲಿ ಇರುವಾಗ ಎಂಜಿನ್ ನಿಂತು ಬಿತ್ತು. ನಾಲ್ವರೂ ಉಳಿಯಲಿಲ್ಲ. ಇಂಧನ ಕಡಿಮೆಯಿದೆ ಎಂಬುದು ಆಸ್ಪತ್ರೆಯಲ್ಲಿ ಇಳಿದಿದ್ದಾಗಲೇ ಪೈಲಟ್‌ಗೆ ಗೊತ್ತಾಗಿತ್ತು. ಹೇಗೋ ಮುಟ್ಟುತ್ತೇನೆ ಎಂದುಕೊಂಡು ಹಾರಿದ.

ಆ ‘ಹೇಗೋ ಮುಟ್ಟುತ್ತೇನೆ’ ಎಂಬ ಲೆಕ್ಕ ಸೊಲ್ಲಾಪುರ, ಸಾಂಗಲಿ ಗಡಿಯ ಚುನಾವಣಾ ಹಾರಾಟದಲ್ಲಿ ದಿನವೂ ಎದುರಾಗುತ್ತದೆ. ನಾನು ಹಾರಿಸುವ ಬೆಲ್ 206 ಹೆಲಿಕಾಪ್ಟರ್ ಗಂಟೆಗೆ ಸುಮಾರು ನೂರು ಲೀಟರ್ ಕುಡಿಯುತ್ತದೆ. ಭಾಷಣ ಮುಗಿಯುವವರೆಗೆ ರೋಟರ್ ತಿರುಗಿಸಿಕೊಂಡೇ ನಿಂತರೆ, ಒಂದು ಗಜವೂ ಮುಂದೆ ಹೋಗದೆ ಟ್ಯಾಂಕ್ ಇಳಿಯುತ್ತಿರುತ್ತದೆ. ಹಾಗಾಗಿ ನಾನು ಇಂಧನವನ್ನು ಲೀಟರಿನಲ್ಲಿ ಎಣಿಸುವುದಿಲ್ಲ, ನಿಮಿಷಗಳಲ್ಲಿ ಎಣಿಸುತ್ತೇನೆ. ಹೊರಡುವ ಮೊದಲು ಮುಚ್ಚಳ ತೆಗೆದು ಕಣ್ಣಾರೆ ನೋಡಿ, ತುಂಬಿಸಿದ ಲೆಕ್ಕವನ್ನು ಇಂಧನ ಮಾಪಕದ ಮುಳ್ಳಿನ ಜೊತೆ ತಾಳೆ ಹಾಕುತ್ತೇನೆ. ನಂತರ ತೊಡೆಯ ಮೇಲಿನ ಹಲಗೆಯಲ್ಲಿ ಒಂದು ಗಡಿಯಾರದ ಸಮಯ ಬರೆಯುತ್ತೇನೆ: ಆ ಹೊತ್ತಿಗೆ ಎಲ್ಲಿದ್ದರೂ ನೆಲದ ಮೇಲಿರಬೇಕು. ಕಣ್ಣಳತೆಯ ಹಾರಾಟಕ್ಕೆ ಅಂತರರಾಷ್ಟ್ರೀಯ ಮಾನದಂಡ ಹೇಳುವ ಕೊನೆಯ ಮೀಸಲು ಇಪ್ಪತ್ತು ನಿಮಿಷ. ನನ್ನದು ಮೂವತ್ತು.

ಆ ದಿನ ಜತ್ತದ ಸಭೆ ತಡವಾಯಿತು. ನಮ್ಮ ಇಂಧನದ ಬ್ಯಾರಲ್‌ಗಳು ಸೊಲ್ಲಾಪುರದಲ್ಲಿದ್ದವು. ನೇರ ಹಾದಿ ನೂರು ಕಿಲೋಮೀಟರ್ ಆಸುಪಾಸು, ಎದುರುಗಾಳಿ ಬೇರೆ. ನಾಯಕರ ಆಪ್ತ ಸಹಾಯಕ ಬಗ್ಗಿಕೊಂಡು ಓಡಿಬಂದು, “ಸಾಹೇಬರೇ, ದಾರಿಯಲ್ಲೇ ಉಮದಿ ಊರಿನ ಸಭೆ. ಹತ್ತೇ ನಿಮಿಷ” ಎಂದ. ರಾಜಕೀಯದ ಹತ್ತು ನಿಮಿಷ ಎಷ್ಟೆಂದು ಗಡಿಯ ಮಕ್ಕಳಿಗೂ ಗೊತ್ತು. “ಉಮದಿಗೆ ಇಳಿಸುತ್ತೇನೆ, ಆದರೆ ಅಲ್ಲಿಂದ ಮುಂದೆ ಬ್ಯಾರಲ್ ಬರುವವರೆಗೆ ಏಳುವುದಿಲ್ಲ” ಎಂದೆ. ಅವನು ನಕ್ಕ, ಒಪ್ಪಿಕೊಂಡ ಅಂದುಕೊಂಡೆ. ಹಾರಿದ ಮೇಲೆ ನೋಡಿದರೆ ಗಾಳಿ ಅಂದಾಜಿಗಿಂತ ಜೋರು. ಬರೆದಿಟ್ಟ ಸಮಯ ಉಮದಿಗಿಂತ ಮೊದಲೇ ಬರುವಂತಿತ್ತು. ಊರು ಕಣ್ಣಿಗೆ ಕಾಣುತ್ತಿತ್ತು, ಪೆಂಡಾಲ್ ಕೂಡ. ತಂತಿಯಿಲ್ಲದ, ಇಳಿಜಾರಿಲ್ಲದ ಕೂಳೆ ಹೊಲ ನೋಡಿ ಇಳಿಸಿಬಿಟ್ಟೆ.

ಇಳಿಯದಿದ್ದರೆ? ಐನೂರು ಅಡಿಯಲ್ಲಿ ಎಂಜಿನ್ ನಿಂತರೆ ನೆಲಕ್ಕೆ ಇಪ್ಪತ್ತು ಸೆಕೆಂಡಿನಷ್ಟೇ ಅಂತರ. ಕೂಡಲೇ ಕಲೆಕ್ಟಿವ್, ಅಂದರೆ ರೋಟರ್ ರೆಕ್ಕೆಗಳ ಕೋನ ಬದಲಿಸುವ ಸನ್ನೆ, ಪೂರ್ತಿ ಕೆಳಗೆ ಒತ್ತಬೇಕು. ವೇಗದಲ್ಲಿದ್ದರೆ ಅದರ ಜೊತೆಗೇ ಸೈಕ್ಲಿಕ್, ಅಂದರೆ ಹೆಲಿಕಾಪ್ಟರನ್ನು ಹಿಂದೆ ಮುಂದೆ ಬಾಗಿಸುವ ಹಿಡಿ, ಹಿಂದಕ್ಕೆ ಎಳೆಯಬೇಕು. ಇಲ್ಲವಾದರೆ ರೋಟರ್ ಸುತ್ತು ಕುಸಿಯುತ್ತದೆ, ಒಮ್ಮೆ ಕುಸಿದರೆ ಮರಳಿ ಪಡೆಯುವುದು ಕಷ್ಟ. ಮಿಸೌರಿಯಲ್ಲಿ ತಪ್ಪಿದ್ದೂ ಇದೇ. ಆಟೊರೊಟೇಶನ್, ಅಂದರೆ ಎಂಜಿನ್ ಬಲವಿಲ್ಲದೆ ಗಾಳಿಯಿಂದಲೇ ರೋಟರ್ ತಿರುಗಿಸಿಕೊಂಡು ಇಳಿಯುವ ತಾಲೀಮಿನಲ್ಲಿ ಎಂಜಿನ್ ಯಾವಾಗ ತಗ್ಗುತ್ತದೆಂದು ನಮಗೆ ಮೊದಲೇ ಗೊತ್ತಿರುತ್ತದೆ, ಅದೂ ನಿಧಾನದ ವೇಗದಲ್ಲಿ. ಪೂರ್ಣ ವೇಗದಲ್ಲಿ, ಅನಿರೀಕ್ಷಿತವಾಗಿ ನಿಂತಾಗಿನ ಕೈಚಳಕ ಅದರಿಂದ ಬರುವುದಿಲ್ಲ. ನನ್ನ ತಾಲೀಮನ್ನು ನಾನು ಅಷ್ಟಾಗಿ ನಂಬುವುದಿಲ್ಲ; ಓಡುತ್ತಿರುವ ಎಂಜಿನ್ನನ್ನು ನಂಬುತ್ತೇನೆ.

ಹೊಲಕ್ಕೆ ಜನ ಮುತ್ತಿದರು. ಬಾಲದ ರೋಟರ್ ಬಳಿ ಯಾರೂ ಸುಳಿಯದಂತೆ, ರೆಕ್ಕೆಗಳು ಪೂರ್ತಿ ನಿಲ್ಲುವವರೆಗೆ ಹೊಲದ ಯಜಮಾನನನ್ನೇ ಕಾವಲು ನಿಲ್ಲಿಸಿದೆ. ಅವರು ಸಂತೋಷದಿಂದ ಎಲ್ಲರನ್ನೂ ಗದರಿಸಿದರು. ನಾಯಕರು ಜೀಪು ಹತ್ತಿ ಉಮದಿಗೆ ಹೋದರು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕತ್ತಲಾದ ಮೇಲೆ ಟೆಂಪೊದಲ್ಲಿ ಬ್ಯಾರಲ್ ಬಂತು. ನೀರು ಪತ್ತೆಹಚ್ಚುವ ಹಳದಿ ಕ್ಯಾಪ್ಸೂಲ್ ಹಸಿರಾಗಲಿಲ್ಲವೆಂದು ಟಾರ್ಚ್ ಬೆಳಕಿನಲ್ಲಿ ಎರಡೆರಡು ಸಲ ನೋಡಿ, ಕೈಪಂಪಿನಿಂದ ತುಂಬಿಸಿದೆವು. ರಾತ್ರಿ ಅಲ್ಲೇ ಕಳೆದು ಬೆಳಗ್ಗೆ ಸೊಲ್ಲಾಪುರಕ್ಕೆ ಹೊರಟೆ. ಕಚೇರಿಯವರು ವಿವರಣೆ ಕೇಳಿದಾಗ ಹಲಗೆಯ ಮೇಲಿನ ಸಮಯದ ಫೋಟೊ ಕಳುಹಿಸಿದೆ, ಮತ್ತೆ ಪ್ರಶ್ನೆ ಬರಲಿಲ್ಲ.