ಎಚ್‌.ಟಿ. ಫ್ಯೂಸಿಗೆ ಕಾಣದ ಎಲ್‌.ಟಿ. ಆರ್ಕ್: ನನ್ನ ಅನುಭವ

ನಾನು ವಿದ್ಯುತ್ ನಿರ್ವಹಣೆ ನೋಡಿಕೊಳ್ಳುತ್ತಿದ್ದ ಕಾರ್ಖಾನೆಯಲ್ಲಿ, 1000 ಕೆವಿಎ, 11 ಕೆವಿ/433 ವೋಲ್ಟ್ ಟ್ರಾನ್ಸ್‌ಫಾರ್ಮರಿನ ಎಲ್‌.ಟಿ. (ಕಡಿಮೆ ವೋಲ್ಟೇಜ್) ಕೇಬಲ್ ಬಾಕ್ಸಿಗೆ ಮಳೆನೀರು ಇಳಿದು, ಒಂದು ಫೇಸಿನ ಲಗ್ಗಿನಿಂದ (ಕೇಬಲ್ ತುದಿಯ ಲೋಹದ ಕೊಂಡಿ) ಬಾಕ್ಸಿನ ತಗಡಿಗೆ ಆರ್ಕ್ (ಗಾಳಿಯಲ್ಲಿ ಹಾಯುವ ವಿದ್ಯುತ್ ಜ್ವಾಲೆ) ಹತ್ತಿಕೊಂಡಿತು. ಎಸಿಬಿ (ಏರ್ ಸರ್ಕ್ಯೂಟ್ ಬ್ರೇಕರ್) ಇದ್ದದ್ದು ಅದರಿಂದಾಚೆ, ಪ್ಯಾನೆಲ್ಲಿನಲ್ಲಿ. ಹಾಗಾಗಿ ಅದಕ್ಕೆ ಈ ದೋಷದ ಸುಳಿವೇ ಸಿಗಲಿಲ್ಲ. ಎಚ್‌.ಟಿ. (ಹೆಚ್ಚು ವೋಲ್ಟೇಜ್) ಬದಿಯ 100 ಆಂಪಿಯರ್ ಎಚ್‌ಆರ್‌ಸಿ (ಭಾರೀ ಕರೆಂಟನ್ನು ಕಡಿಯಬಲ್ಲ) ಫ್ಯೂಸುಗಳೂ ಸುಮ್ಮನಿದ್ದವು. ಕೊನೆಗೆ ಕೈಯಿಂದಲೇ ಲೋಡ್ ಬ್ರೇಕ್ ಸ್ವಿಚ್ (ಲೋಡ್ ಇರುವಾಗಲೇ ತೆರೆಯಬಲ್ಲ ಸ್ವಿಚ್) ತೆರೆದು ನೋಡಿದರೆ, ತಗಡಿನಲ್ಲಿ ಅಂಗೈಯಗಲದ ತೂತು ಬಿದ್ದಿತ್ತು. ಅಲ್ಯುಮಿನಿಯಂ ಲಗ್ ಇದ್ದ ಜಾಗದಲ್ಲಿ ಹೆಪ್ಪುಗಟ್ಟಿದ ಬೂದು ಹನಿಗಳಷ್ಟೇ ಉಳಿದಿದ್ದವು.

ಫ್ಯೂಸೇ ಕಳಪೆ ಎಂದು ಎಲ್ಲರೂ ಅಂದರು. ಲೆಕ್ಕ ಹಾಕಿದಾಗ ಫ್ಯೂಸಿನ ತಪ್ಪಿಲ್ಲವೆಂದು ನನಗೆ ಮನವರಿಕೆಯಾಯಿತು. ಶೇ. 5 ಇಂಪಿಡೆನ್ಸಿನ (ಒಳಗಿನ ತಡೆಯ) ಈ ಟ್ರಾನ್ಸ್‌ಫಾರ್ಮರಿನ ಎಲ್‌.ಟಿ. ತುದಿಯಲ್ಲಿ ನೇರ ಶಾರ್ಟ್ ಆದರೆ ಸುಮಾರು 26.7 ಕಿಲೋ ಆಂಪಿಯರ್ ಹರಿಯುತ್ತದೆ. ಆರ್ಕ್ ತಾನೇ ಒಂದು ರೋಧವಾದ್ದರಿಂದ, 480 ವೋಲ್ಟ್ ವ್ಯವಸ್ಥೆಗೆ ಬಳಕೆಯಲ್ಲಿರುವ, ನೇರ ಶಾರ್ಟಿನ ಶೇ. 38ರ ಅಂದಾಜನ್ನೇ ಹಿಡಿದರೂ ಅದು 10 ಕಿಲೋ ಆಂಪಿಯರಿಗೆ ಇಳಿಯುತ್ತದೆ. ಡೆಲ್ಟಾ-ಸ್ಟಾರ್ ವೈಂಡಿಂಗಿನ ಮೂಲಕ ಎಚ್‌.ಟಿ.ಯ ಎರಡು ಲೈನುಗಳಲ್ಲಿ ಇದು ಕಾಣಿಸಿಕೊಳ್ಳುವುದು ಬರೀ 230 ಆಂಪಿಯರಿನಷ್ಟು. ಇಂಥ ಬ್ಯಾಕಪ್ ಫ್ಯೂಸು (ಭಾರೀ ಶಾರ್ಟುಗಳಿಗೆಂದೇ ಇರುವುದು) ತನ್ನ ಕನಿಷ್ಠ ಕಡಿತ ಪ್ರವಾಹಕ್ಕಿಂತ ಕೆಳಗೆ ಕರಗಿದರೂ ಆರ್ಕನ್ನು ನಂದಿಸುತ್ತದೆಂಬ ಭರವಸೆಯಿಲ್ಲ. ಚಿಕ್ಕ ಫ್ಯೂಸು ಹಾಕೋಣವೆಂದರೆ, ಟ್ರಾನ್ಸ್‌ಫಾರ್ಮರನ್ನು ಚಾರ್ಜ್ ಮಾಡುವಾಗ ಕ್ಷಣಕಾಲ ನುಗ್ಗುವ ಇನ್‌ರಷ್ ಕರೆಂಟು ಪೂರ್ಣ ಲೋಡಿನ 52.5 ಆಂಪಿಯರಿನ ಹತ್ತು-ಹನ್ನೆರಡು ಪಟ್ಟಿಗೂ ಏರಬಹುದು, ಅದಕ್ಕೇ ಚಿಕ್ಕ ಫ್ಯೂಸು ಕರಗೀತು.

ಆದ್ದರಿಂದ ಭಾರೀ ಶಾರ್ಟನ್ನು ಫ್ಯೂಸಿಗೇ ಬಿಟ್ಟು, ನ್ಯೂಟ್ರಲನ್ನು ಭೂಮಿಗೆ ಸೇರಿಸುವ ಪಟ್ಟಿಗೆ 1500/1ರ ಸಿಟಿ (ಕರೆಂಟನ್ನು ಅಳೆಯಲು ತಗ್ಗಿಸಿಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ತೊಡಿಸಿ, ಅರ್ತ್ ಫಾಲ್ಟ್ ರಿಲೇಯಿಂದ (ಭೂಮಿಗೆ ಸೋರುವ ಕರೆಂಟನ್ನು ಗುರುತಿಸುವ ಸಾಧನ) 630 ಆಂಪಿಯರಿನ ಲೋಡ್ ಬ್ರೇಕ್ ಸ್ವಿಚ್ಚಿನ ಟ್ರಿಪ್ ಕಾಯಿಲಿಗೆ (ಸ್ವಿಚ್ಚನ್ನು ತೆರೆಸುವ ಸುರುಳಿ) ತಂತಿ ಎಳೆಸಿದೆ. ರಿಲೇಯನ್ನು 300 ಆಂಪಿಯರಿಗೆ, ಅರ್ಧ ಸೆಕೆಂಡಿನ ವಿಳಂಬಕ್ಕೆ ಇಟ್ಟೆ.

ಇಲ್ಲಿ ಎಡವಿದ್ದು ನಾನೇ. ನಿಯಮದಂತೆ ನ್ಯೂಟ್ರಲಿನಿಂದ ಎರಡು ಅರ್ತ್ ಗುಂಡಿಗಳಿಗೆ ಎರಡು ಜಿಐ (ಸತು ಲೇಪಿತ ಕಬ್ಬಿಣದ) ಪಟ್ಟಿಗಳು ಹೋಗಿದ್ದವು. ಸಿಟಿಯನ್ನು ಒಂದಕ್ಕೆ ಮಾತ್ರ ಹಾಕಿದ್ದೆ, ಅಂದರೆ ಉಳಿದ ಪಾಲು ರಿಲೇಯ ಕಣ್ಣು ತಪ್ಪಿಸಿ ಹೋಗುತ್ತಿತ್ತು. ಪಟ್ಟಿಗಳು ಕವಲೊಡೆಯುವ ಮುಂಚಿನ ತುಂಡಿಗೆ ಅದನ್ನು ಬದಲಿಸಿದೆವು. ಮೇಲಾಗಿ, ಯಾವ ಕಾಲದಲ್ಲೋ ಯಾರೋ ಪ್ಯಾನೆಲ್ಲಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ಬಾರುಗಳನ್ನು ಬೋಲ್ಟು ಹಾಕಿ ಸೇರಿಸಿದ್ದರು. ಅದರಿಂದಾಗಿ ಅಸಮ ಲೋಡಿನ ಕರೆಂಟಿನ ಒಂದು ಭಾಗವೂ ಸಿಟಿಯ ಮೂಲಕ ಸುತ್ತಿ ಬರುತ್ತಿತ್ತು. ಅದನ್ನೂ ಬಿಚ್ಚಿಸಿದೆ.

ನಂತರ ಪ್ರೈಮರಿ ಇಂಜೆಕ್ಷನ್ ಕಿಟ್ (ಪರೀಕ್ಷೆಗೆ ಭಾರೀ ಕರೆಂಟ್ ಹರಿಸುವ ಸಾಧನ) ತರಿಸಿ ಸಿಟಿಯ ಮೂಲಕ 350 ಆಂಪಿಯರ್ ಹರಿಸಿದಾಗ ಸ್ವಿಚ್ ಸದ್ದು ಮಾಡಿ ತೆರೆದುಕೊಂಡಿತು. ಫ್ಯೂಸುಗಳು ಇಂದಿಗೂ ಅದೇ 100 ಆಂಪಿಯರಿನವು. ಕೇಬಲ್ ಬಾಕ್ಸಿನ ಗ್ಯಾಸ್ಕೆಟ್ ಮಾತ್ರ ಹೊಸದು.