ಹೆದರಿಕೆ ಹುಟ್ಟಿದ್ದು ಯಾವ ಸಾಲಿನಲ್ಲಿ?

ಭಯಾನಕ ಕಾದಂಬರಿಯ ವಿಮರ್ಶೆಯಲ್ಲಿ ಕಥಾಸಾರಕ್ಕೆ ನಾನು ಒಂದು ಸಣ್ಣ ಪ್ಯಾರಾಕ್ಕಿಂತ ಹೆಚ್ಚು ಜಾಗ ಕೊಡುವುದಿಲ್ಲ. ಗುಟ್ಟು ಬಯಲಾಗಬಾರದು ಎಂಬುದು ಒಂದು ಕಾರಣ. ಇನ್ನೊಂದು, ಕಥಾಸಾರದಲ್ಲಿ ಭಯ ಇರುವುದೇ ಇಲ್ಲ. ‘ಹಳೆಯ ಬಂಗಲೆಯಲ್ಲಿ ನಾಲ್ವರು ತಂಗುತ್ತಾರೆ, ರಾತ್ರಿ ಬಾಗಿಲು ಬಡಿದ ಸದ್ದಾಗುತ್ತದೆ’ ಎಂದರೆ ಯಾರು ತಾನೇ ಹೆದರುತ್ತಾರೆ? ಹೆಚ್ಚುಕಡಿಮೆ ಅಷ್ಟೇ ಸಾಮಗ್ರಿಯಿಂದ ಶರ್ಲಿ ಜಾಕ್ಸನ್ 1959ರಲ್ಲಿ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಬರೆದರು. ಅದನ್ನು ಓದುತ್ತಾ ದೀಪ ಆರಿಸಲು ಹಿಂಜರಿದವರಲ್ಲಿ ನಾನೂ ಒಬ್ಬ.

ಹಾಗಾಗಿ ನಾನು ಹುಡುಕುವುದು ಹೆದರಿಕೆ ಹುಟ್ಟಿದ ಸಾಲನ್ನು. ಮೊದಲ ಓದಿನಲ್ಲಿ ಟಿಪ್ಪಣಿ ಮಾಡುವುದಿಲ್ಲ. ಮೈ ಜುಮ್ಮೆಂದ ಕಡೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೀಟು, ಅಷ್ಟೆ. ಎರಡನೆಯ ಓದು ಹಗಲು ಹೊತ್ತಿನಲ್ಲಿ. ಗೀಟಿದ್ದ ಸಾಲಿನಿಂದ ಹಿಂದಿನ ಪುಟಗಳಿಗೆ ಸರಿಯುತ್ತೇನೆ. ನುರಿತ ಲೇಖಕ ಅಲ್ಲೆಲ್ಲೋ ಒಂದು ಸಾಧಾರಣ ವಿವರವನ್ನು ಇಟ್ಟು ಸುಮ್ಮನಾಗಿರುತ್ತಾನೆ.

ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ (1897) ಎಂದೊಡನೆ ಎಲ್ಲರಿಗೂ ನೆನಪಾಗುವುದು ಕೋಟೆಯ ಒಡೆಯ ಕೌಂಟ್ ಡ್ರಾಕುಲಾ ತಲೆಕೆಳಗಾಗಿ ಗೋಡೆ ಇಳಿಯುವ ದೃಶ್ಯ. ನನ್ನ ಗೀಟು ಬಿದ್ದದ್ದು ಅದೇ ಅಧ್ಯಾಯದಲ್ಲಿ, ಅದಕ್ಕೂ ಮೊದಲು. ಅತಿಥಿ ಹಾರ್ಕರ್ ಮೆಲ್ಲಗೆ ತನ್ನ ಕೋಣೆಗೆ ಬಂದರೆ, ಕೌಂಟ್ ಅವನ ಹಾಸಿಗೆ ಸರಿಪಡಿಸುತ್ತಿರುತ್ತಾನೆ. ಆಮೇಲೆ ಬಾಗಿಲಿನ ಸಂದಿಯಿಂದ ನೋಡಿದರೆ ಊಟದ ಮೇಜು ಅಣಿಮಾಡುವವನೂ ಅವನೇ. ನೋಡಿದರೆ ನಗು ಬರಬೇಕಾದ ಸಂಗತಿ. ಆದರೆ ಹಾರ್ಕರ್ ಲೆಕ್ಕ ಹಾಕುತ್ತಾನೆ: ಮನೆಯಲ್ಲಿ ಆಳುಗಳೇ ಇಲ್ಲ. ಹಾಗಾದರೆ ತನ್ನನ್ನು ಕರೆತಂದ ಗಾಡಿ ಹೊಡೆದವನೂ ಇವನೇ ಇರಬೇಕು. ದಾರಿಯಲ್ಲಿ ತೋಳಗಳ ಹಿಂಡು ಆ ಗಾಡಿಯವನ ಕೈಸನ್ನೆಗೆ ಹಿಂದೆ ಸರಿದಿತ್ತಲ್ಲ! ಹಾಸಿಗೆಯ ಮಗ್ಗುಲಿನಿಂದ ತೋಳಗಳವರೆಗೆ ಓದುಗನನ್ನು ತರ್ಕದ ಕೈಹಿಡಿಸಿಯೇ ಕರೆದೊಯ್ಯುವ ಈ ಜಾಣ್ಮೆಯ ಬಗ್ಗೆ ಬರೆದರೆ ಕಾದಂಬರಿಯ ಬಗ್ಗೆ ಅರ್ಧ ಬರೆದಂತೆ.

ರಕ್ತ, ಕರುಳು, ಕೊಳೆತ ಹೆಣಗಳ ಪುಸ್ತಕಗಳೂ ಕೈಗೆ ಬರುತ್ತವೆ. ಆಗ ನನಗೆ ಒದಗುವುದು ನಮ್ಮ ರಸಸಿದ್ಧಾಂತ. ನಾಟ್ಯಶಾಸ್ತ್ರದಲ್ಲಿ ಭಯಾನಕವೂ ಬೀಭತ್ಸವೂ ಬೇರೆ ಬೇರೆ ರಸಗಳು. ಒಂದರ ಸ್ಥಾಯಿಭಾವ, ಅಂದರೆ ಬೇರಿನಲ್ಲಿರುವ ಭಾವ, ಭಯ; ಇನ್ನೊಂದರದು ಜುಗುಪ್ಸೆ. ಹಳೆಯ ಇಂಗ್ಲಿಷ್ ಭಯಾನಕ ಕಾದಂಬರಿಗಳ ಲೇಖಕಿ ಆನ್ ರ‍್ಯಾಡ್‌ಕ್ಲಿಫ್ ಕೂಡ ತಾವು ತೀರಿಕೊಂಡ ಮೇಲೆ 1826ರಲ್ಲಿ ಅಚ್ಚಾದ ಪ್ರಬಂಧವೊಂದರಲ್ಲಿ ಇಂಥದೇ ಗೆರೆ ಎಳೆದಿದ್ದಾರೆ: ಒಂದು ಬಗೆಯ ಭೀತಿ ಮನಸ್ಸನ್ನು ಹಿಗ್ಗಿಸುತ್ತದೆ, ಇನ್ನೊಂದು ಹೆಪ್ಪುಗಟ್ಟಿಸುತ್ತದೆ. ಬೀಭತ್ಸವನ್ನು ನಾನು ಕೀಳೆನ್ನುವುದಿಲ್ಲ. ಹೊಟ್ಟೆ ತೊಳಸಿದ್ದನ್ನೇ ಎದೆ ನಡುಗಿದ್ದು ಎಂದು ಮಾರುವ ಲೇಖಕನ ಮೇಲೆ ಮಾತ್ರ ಕೋಪ ಬರುತ್ತದೆ.

ಕರಾಳ ಫ್ಯಾಂಟಸಿಯಲ್ಲಿ, ಅಂದರೆ ಕತ್ತಲು ಕವಿದ ಕಲ್ಪಿತ ಲೋಕದ ಕಥೆಗಳಲ್ಲಿ, ಬೇರೆ ಪ್ರಶ್ನೆ: ಈ ಲೋಕದ ಕಟ್ಟಳೆ ಏನು, ಅದಕ್ಕೆ ಬೆಲೆ ತೆರುವವರು ಯಾರು? ಮರ್ವಿನ್ ಪೀಕ್‌ನ ‘ಟೈಟಸ್ ಗ್ರೋನ್’ (1946) ಕಾದಂಬರಿಯಲ್ಲಿ ಮಂತ್ರವಾದಿಯಿಲ್ಲ. ಹಳೆಯ ಗ್ರಂಥಗಳು ಹೇಳಿದ ವಿಧಿಗಳನ್ನು ಕೋಟೆಯ ಒಡೆಯ ದಿನವೂ ತಪ್ಪದೆ ಮಾಡಬೇಕು. ಉಸಿರುಗಟ್ಟಿಸಲು ಅಷ್ಟು ಸಾಕು.

ಹೆಚ್ಚು ಸಮಯ ತಿಂದದ್ದು ಹೆನ್ರಿ ಜೇಮ್ಸ್‌ನ ‘ದಿ ಟರ್ನ್ ಆಫ್ ದಿ ಸ್ಕ್ರೂ’ (1898). ಮಕ್ಕಳನ್ನು ನೋಡಿಕೊಳ್ಳಲು ಬಂದ ತರುಣಿಗೆ ಸತ್ತವರು ಕಾಣಿಸುತ್ತಾರೆ. ಅವೆಲ್ಲ ಅವಳ ಭ್ರಮೆ ಎಂಬ ಓದನ್ನು ವಿಮರ್ಶಕ ಎಡ್ಮಂಡ್ ವಿಲ್ಸನ್ 1934ರಲ್ಲಿ ಗಟ್ಟಿಯಾಗಿ ಮಂಡಿಸಿದ. ನಾನು ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ ಅವಳೊಬ್ಬಳೇ ಕಂಡದ್ದನ್ನೂ ಇನ್ನೊಂದು ಕಡೆ ಬೇರೆಯವರ ಸಾಕ್ಷ್ಯವಿರುವುದನ್ನೂ ಬರೆಯುತ್ತಾ ಹೋದೆ. ಸರೋವರದ ದಡದಲ್ಲಿ ಅವಳು ಬೆರಳು ತೋರಿಸಿದತ್ತ ಮನೆವಾರ್ತೆಯ ಶ್ರೀಮತಿ ಗ್ರೋಸ್‌ಗೆ ಏನೂ ಕಾಣುವುದಿಲ್ಲ. ಭ್ರಮೆಯೇ ಸರಿ ಎನ್ನೋಣ. ಆದರೆ ಬದುಕಿದ್ದಾಗ ತಾನು ಎಂದೂ ನೋಡಿರದ ಗಂಡಸಿನ ಕೆಂಗೂದಲು, ಬಿಳಿಚಿದ ಮುಖ, ಟೋಪಿಯಿಲ್ಲದ ತಲೆಯನ್ನು ಅವಳು ವರ್ಣಿಸಿದಾಗ, ಅದು ಆ ಮನೆಯಲ್ಲಿ ಹಿಂದೆ ಸೇವಕನಾಗಿದ್ದು ಸತ್ತುಹೋದ ಪೀಟರ್ ಕ್ವಿಂಟ್ ಎಂದು ಗುರುತಿಸಿದ್ದು ಅದೇ ಶ್ರೀಮತಿ ಗ್ರೋಸ್!

ವಿಮರ್ಶೆಯಲ್ಲಿ ಎರಡೂ ಕಡೆಯ ಸಾಕ್ಷ್ಯ ಕೊಟ್ಟು, ತೀರ್ಪು ಕೊಡದೆ ನಿಲ್ಲಿಸಿದೆ. ಓದಿದ ಪರಿಚಿತರೊಬ್ಬರು ಸಿಟ್ಟಾದರು. “ದೆವ್ವ ಇದೆಯೋ ಇಲ್ಲವೋ, ಅದನ್ನು ಹೇಳಿ ಸ್ವಾಮಿ!” ಪುಸ್ತಕವನ್ನೇ ಅವರ ಕೈಗಿಟ್ಟೆ. ಈಗ ಸಿಕ್ಕಾಗಲೆಲ್ಲ, ಇದೆ ಎಂದು ನನ್ನೊಡನೆ ವಾದಕ್ಕೆ ನಿಲ್ಲುತ್ತಾರೆ. ಪುಸ್ತಕ ಇನ್ನೂ ವಾಪಸು ಬಂದಿಲ್ಲ.